ಬೋರ್ಮದ ಬಾಗಿಲಿನ ಬೈರಾಸು

ಕಳೆದ ತಿಂಗಳು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಗಾಜಿನ ಕಪಾಟನ್ನು ತೆರೆಯಬೇಕಾಯಿತು. ಬಿ.ಎ. ಎರಡನೇ ವರ್ಷದ ಹುಡುಗಿಯೊಬ್ಬಳು ಪೂರ್ವ ಆಫ್ರಿಕಾದ ಕರಾವಳಿ ಪಟ್ಟಣಗಳ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಪುಸ್ತಕ ಬೇಕು ಎಂದಳು. ಆ ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಗ್ರಂಥಪಾಲಕರಿಗೇ ಗೊತ್ತಿರಲಿಲ್ಲ. ಹುಡುಕಿ ತಂದು ತಿರುಗಿಸಿದಾಗ ಒಳಗಿನಿಂದ ವಾಸನೆ ಬಂತು. ಸುಟ್ಟ ಗೇರುಬೀಜದ ಸಿಪ್ಪೆಯ ವಾಸನೆ. ಎಣ್ಣೆಯಂಥ ಕಹಿ ಹೊಗೆ; ಒಮ್ಮೆ ಗಂಟಲಿಗೆ ಹೋದರೆ ಅಲ್ಲೇ ಅಂಟಿಕೊಳ್ಳುತ್ತದೆ.

"ಮೇಡಂ, ಇದು ಎಂತದ್ದು ವಾಸನೆ?"

"ಗೇರುಬೀಜದ್ದು."

"ಪುಸ್ತಕಕ್ಕಾ?" ಎಂದು ಹುಡುಗಿ ನಕ್ಕಳು.

ಕೆಳಗಿನ ಅಂಕಣದ ಮೂಲೆಯಲ್ಲಿ ಒಂದು ದಪ್ಪ ಸಂಪುಟ ಬೈರಾಸಿನೊಳಗೆ ಸುತ್ತಿಕೊಂಡು ಕೂತಿತ್ತು. ನೀಲಿ ಅಂಚಿನ, ಒಗೆದು ಒಗೆದು ತೆಳುವಾದ ಬೈರಾಸು. ನಮ್ಮ ಕಡೆ ಮೈ ಒರೆಸಲು, ತಲೆಗೆ ಕಟ್ಟಲು, ಬಿಸಿ ಪಾತ್ರೆ ಹಿಡಿಯಲು ಎಲ್ಲಕ್ಕೂ ಬಳಸುವಂಥದ್ದು. ಗ್ರಂಥಾಲಯದ ನಂಬರಿನ ಚೀಟಿಯನ್ನು ಯಾರೋ ಆ ಬಟ್ಟೆಯ ಮೇಲೆಯೇ ಅಂಟಿಸಿದ್ದರು. ಪುಸ್ತಕಗಳು ಇಲ್ಲಿಗೆ ಬಂದ ಆರು ವರ್ಷದಲ್ಲಿ ಒಬ್ಬರೂ ಅದನ್ನು ಬಿಚ್ಚಿ ನೋಡಿರಲಿಲ್ಲ.

ಅದನ್ನು ಸುತ್ತಿದ್ದು ನಾನು. ಹುಡುಗಿಗೆ ಬೇರೆ ಎರಡು ಪುಸ್ತಕ ಕೊಟ್ಟು ಕಳಿಸಿ, ಕಪಾಟಿನ ಮುಂದೆ ನೆಲದ ಮೇಲೆ ಕುಳಿತೆ.

ಅದನ್ನು ಸುತ್ತಿದ ಮಳೆಗಾಲ ನನಗೆ ಇಪ್ಪತ್ತಮೂರು. ಚರಿತ್ರೆಯಲ್ಲಿ ಎಂ.ಎ. ಮುಗಿದಿತ್ತು. ನಮ್ಮ ಕರಾವಳಿಗೂ ಆಫ್ರಿಕಾದ ಪೂರ್ವ ತೀರಕ್ಕೂ ಇದ್ದ ಹಾಯಿಹಡಗಿನ ಸಂಬಂಧದ ಬಗ್ಗೆ ಪಿ.ಎಚ್‌ಡಿ. ಮಾಡಬೇಕೆಂಬ ಹುಚ್ಚು. ಅಂಬಲಪಾಡಿಯ ನಮ್ಮ ಮನೆಯಲ್ಲಿ ಅಮ್ಮ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. "ನಮ್ಮ ಚರಿತ್ರೆಯನ್ನೇ ಓದುವವರಿಲ್ಲ, ಇವಳು ಆಫ್ರಿಕಾದ್ದು ಓದಿ ಯಾರಿಗೆ ಪಾಠ ಮಾಡ್ಲಿಕ್ಕೆ ಉಂಟು?" ನನ್ನ ಗೈಡ್ ಆಗಬೇಕಿದ್ದವರು ಮೊದಲು ಆಕರ ತೋರಿಸು, ಆಮೇಲೆ ಮಾತಾಡುವ ಎಂದಿದ್ದರು. ಆ ಆಕರ ಕಾಪುವಿನಲ್ಲಿ, ಲಿಗೋರಿ ಮಾಸ್ಟ್ರ ಮನೆಯಲ್ಲಿತ್ತು.

ಲಿಗೋರಿ ಮಾಸ್ಟ್ರು ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬದವರು. ಯೌವನದಲ್ಲಿ ಟಾಂಜಾನಿಯಾಕ್ಕೆ ಹೋಗಿ ಅಲ್ಲಿನ ಕಡಲ ತೀರದ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸಿದವರು. ಊರಿಗೆ ಮರಳುವಾಗ ಉಳಿದವರು ಚಿನ್ನ, ರೇಡಿಯೋ, ಹೊಲಿಗೆ ಮೆಷಿನ್ ತಂದರೆ ಇವರು ಹಡಗಿನಲ್ಲಿ ಪುಸ್ತಕದ ಪೆಟ್ಟಿಗೆಗಳನ್ನು ತರಿಸಿದರು. ಮದುವೆಯಾಗಲಿಲ್ಲ. ಕಾಪು ದೀಪಸ್ತಂಭದಿಂದ ಉಚ್ಚಿಲದ ಕಡೆಗೆ ಹೋಗುವ ಮರಳಿನ ದಾರಿಯಲ್ಲಿ, ಹಿಂದೆ ತೋಡು, ಮುಂದೆ ಕಡಲು ಇರುವ ಮನೆಯಲ್ಲಿ, ಅರ್ಧ ಚಡ್ಡಿ ಹಾಕಿಕೊಂಡು ಆ ಪುಸ್ತಕಗಳ ನಡುವೆ ಇದ್ದರು. ಅವುಗಳಿಗೆ ಪಟ್ಟಿ ಮಾಡಿ ಒಂದು ಕಾಲೇಜಿಗೆ ಕೊಡಬೇಕೆಂದು ಅವರ ಆಸೆ. ಪಟ್ಟಿ ಮಾಡುವ ಕೆಲಸ ನನಗೆ. ಪ್ರತಿಯಾಗಿ ನನಗೆ ಬೇಕಾದದ್ದನ್ನೆಲ್ಲ ಓದಬಹುದು, ಮುಗಿದ ಮೇಲೆ ಒಂದು ಶಿಫಾರಸು ಪತ್ರ.

ಅವರ ಪಟ್ಟಿಗೆ ಒಂದು ವಿಚಿತ್ರ ಕ್ರಮವಿತ್ತು. ಹೆಸರು, ವರ್ಷ, ಪುಟಗಳ ಜೊತೆಗೆ ಎರಡು ಕಾಲಂ ಹೆಚ್ಚಿಗೆ ಎಳೆಯಬೇಕು. ಒಂದರ ಮೇಲೆ 'ಬರೆದವರು', ಇನ್ನೊಂದರ ಮೇಲೆ 'ಹೇಳಿದವರು'.

"ಎರಡೂ ಒಂದೇ ಅಲ್ವಾ ಸರ್?" ಎಂದು ಮೊದಲ ದಿನ ಕೇಳಿದ್ದೆ.

"ಒಂದೇ ಆಗಿದ್ರೆ ನಾನು ಇಷ್ಟು ಪುಸ್ತಕ ಯಾಕೆ ಇಟ್ಕೊಳ್ಬೇಕಿತ್ತು, ಮಾರಾಯ್ತಿ? ನೋಡು ಇಲ್ಲಿ," ಎಂದು ಒಂದು ಹಳೆಯ ಪುಸ್ತಕ ತೆರೆದರು. "ಇವನು ಅಧಿಕಾರಿ. ಕುರ್ಚಿಯಲ್ಲಿ ಕೂತಿದ್ದಾನೆ. ಒಬ್ಬ ಮುದುಕ ಬಂದು ತನ್ನ ಕುಲದ ಕಥೆ ಪೂರ್ತಿ ಹೇಳಿದ್ದಾನೆ. ಇವನಿಗೆ ಆ ಭಾಷೆ ಗೊತ್ತಿಲ್ಲ. ನಡುವೆ ಒಬ್ಬ ಹೇಳಿದ್ದನ್ನು ತಿರುಗಿಸಿದ್ದಾನೆ. ಪುಸ್ತಕದ ಮೇಲೆ ಯಾರ ಹೆಸರು ಉಂಟು?"

"ಅಧಿಕಾರಿಯದ್ದು."

"ಮುದುಕನ ಹೆಸರು?"

ಇರಲಿಲ್ಲ. 'ಒಬ್ಬ ವೃದ್ಧ' ಎಂದಿತ್ತು. ತಿರುಗಿಸಿ ಹೇಳಿದವನ ಸುದ್ದಿಯೇ ಇಲ್ಲ.

"ಹಾಗಾದರೆ ಖಾಲಿ ಬಿಡು. ಖಾಲಿ ಇದೆ ಅಂತ ಓದುವವನಿಗೆ ಗೊತ್ತಾಗಬೇಕು."

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದೊಡ್ಡ ಪಟ್ಟಣವೊಂದರ ಅವಶೇಷಗಳಿವೆ. ಅದನ್ನು ಅಲ್ಲಿನವರೇ ಕಟ್ಟಿದ್ದು ಎಂದು ಒಪ್ಪಿಕೊಳ್ಳಲು ಆಳುವವರಿಗೆ ಎಷ್ಟೋ ಕಾಲ ಆಗಲಿಲ್ಲ. ಎಲ್ಲಿಂದಲೋ ಬಂದ ಬಿಳಿಯರು ಕಟ್ಟಿರಬೇಕು ಎಂದು ಪುಸ್ತಕದ ಮೇಲೆ ಪುಸ್ತಕ ಬರೆದರು. ಅಂಥ ಪುಸ್ತಕಗಳೂ ಮಾಸ್ಟ್ರ ಬಳಿ ಇದ್ದವು, ಬೇರೆಯೇ ಒಂದು ಸಾಲಿನಲ್ಲಿ. "ಸುಳ್ಳನ್ನೂ ಇಟ್ಕೊಳ್ಬೇಕು. ಯಾರು ಬರೆದದ್ದು ಅಂತ ಗೊತ್ತಿರ್ಬೇಕು," ಎನ್ನುತ್ತಿದ್ದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಕೂಡ ಎಳೆದಿದ್ದೆ.

ಜೂನ್ ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ನಾಲ್ಕು ದಿನ ಆಕಾಶ ಕಾಣಲಿಲ್ಲ. ತೋಡಿನ ನೀರು ಕಡಲಿಗೆ ಸೇರುವ ಬಾಯಿಯನ್ನು ಅಲೆಗಳು ಮರಳು ತಂದು ಮುಚ್ಚಿದವು. ನೀರು ಹಿಂದಕ್ಕೆ ತಿರುಗಿತು. ಐದನೇ ದಿನ ಬೆಳಿಗ್ಗೆ ನಾನು ಹೈವೇಯಲ್ಲಿ ಬಸ್ಸಿಳಿದು ಸೀರೆ ಎತ್ತಿ ಕಟ್ಟಿ ಹೋದರೆ, ಮಾಸ್ಟ್ರು ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಒಂದೊಂದೇ ಪುಸ್ತಕವನ್ನು ಮೇಜಿನ ಮೇಲಿಡುತ್ತಿದ್ದರು. ಕಪಾಟಿನ ಕೆಳಗಿನ ಮೂರು ಸಾಲು ಪೂರ್ತಿ ಮುಳುಗಿತ್ತು. ನನಗೆ ಬೇಕಾದ ಹಡಗು, ಬಂದರು, ವ್ಯಾಪಾರದ ಪುಸ್ತಕಗಳೆಲ್ಲ ಇದ್ದದ್ದು ಆ ಸಾಲುಗಳಲ್ಲೇ. ಭಾರವಾದ ಸಂಪುಟಗಳನ್ನು ಕೆಳಗಿಡಬೇಕು ಎಂದು ನಾನೇ ಹಿಂದಿನ ವಾರ ಅಲ್ಲಿಗೆ ಇಳಿಸಿದ್ದೆ.

ಒದ್ದೆ ಪುಸ್ತಕಕ್ಕೆ ಸಮಯವಿರುವುದಿಲ್ಲ. ಎರಡನೇ ದಿನ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಮೂರನೇ ದಿನ ಬೂಸ್ಟು ಹಿಡಿಯುತ್ತದೆ. ಬಟ್ಟೆ ಹಾಕುವ ಹಗ್ಗಕ್ಕೆ ನೇತು ಹಾಕಿದೆವು. ಫ್ಯಾನ್ ಹಾಕೋಣವೆಂದರೆ ಕರೆಂಟಿಲ್ಲ. ಗಾಳಿಯೇ ಒದ್ದೆಯಾಗಿದ್ದಾಗ ಎಂತ ಒಣಗುತ್ತದೆ? ಮಾಸ್ಟ್ರು ಕೈಚೆಲ್ಲಿ ಜಗಲಿಯಲ್ಲಿ ಕುಳಿತುಬಿಟ್ಟರು. ಆಗ ಕಾರ್ಕಳದಿಂದ ಅವರ ತಮ್ಮನ ಮಗ ವಾಲ್ಟರ್ ಫೋನ್ ಮಾಡಿದ.

"ಬಾಪ್ಪು, ಇಲ್ಲಿಗೆ ಕಳಿಸಿ. ಬೋರ್ಮ ಅರ್ಧ ದಿನ ಖಾಲಿಯೇ ಉಂಟು. ಹಡಗು ತಡ ಆಯ್ತು, ಮಾಲು ಬರ್ಲಿಲ್ಲ."

ವಾಲ್ಟರನದು ಕಾರ್ಕಳದ ಹೊರವಲಯದಲ್ಲಿ ಒಂದು ಸಣ್ಣ ಗೇರುಬೀಜದ ಫ್ಯಾಕ್ಟರಿ. ಬೀಜ ಒಡೆದು ತೆಗೆದ ತಿರುಳನ್ನು ಒಣಗಿಸುವ ಕೋಣೆಗೆ ಅಲ್ಲಿ ಬೋರ್ಮ ಎನ್ನುತ್ತಾರೆ. ಕಬ್ಬಿಣದ ಬಾಗಿಲು, ಒಳಗೆ ಎರಡು ಬದಿಗೂ ಜಾಲರಿ ತಟ್ಟೆಗಳ ಸಾಲು, ಅಡಿಯಲ್ಲಿ ಒಲೆಯಿಂದ ಬರುವ ಬಿಸಿ ಕೊಳವೆ. ಒಲೆಗೆ ಗೇರುಬೀಜದ ಸಿಪ್ಪೆಯನ್ನೇ ಹಾಕುತ್ತಾರೆ. ಮರುದಿನವೇ ಒಂದು ಟೆಂಪೋದಲ್ಲಿ ಆಫ್ರಿಕಾದ ಚರಿತ್ರೆಯನ್ನು ಟರ್ಪಾಲಿನಡಿ ಮುಚ್ಚಿಕೊಂಡು ನಾವು ಕಾರ್ಕಳಕ್ಕೆ ಹೋದೆವು.

ಗೋದಾಮಿನ ಬಾಗಿಲಲ್ಲೇ ಮಾಸ್ಟ್ರು ನಿಂತರು. ಗೋಣಿಚೀಲಗಳ ಮೇಲೆ ಕಪ್ಪು ಮಸಿಯಲ್ಲಿ ಟಾಂಜಾನಿಯಾ, ಬೆನಿನ್, ಐವರಿ ಕೋಸ್ಟ್ ಎಂದು ಬರೆದಿತ್ತು. ನಮ್ಮ ಗೇರುಬೀಜ ಸಾಲುವುದಿಲ್ಲ, ಹೆಚ್ಚಿನದು ಅಲ್ಲಿಂದಲೇ ಬರುವುದು. ಅವರು ಒಂದು ಚೀಲವನ್ನು ಅಂಗೈಯಿಂದ ತಟ್ಟಿದರು, ಹಳೆಯ ವಿದ್ಯಾರ್ಥಿಯ ಬೆನ್ನು ತಟ್ಟಿದ ಹಾಗೆ.

ಸಿಪ್ಪೆ ಸುಲಿಯಲು ಕುಳಿತಿದ್ದ ಹೆಂಗಸರು ನಮ್ಮ ಪುಸ್ತಕದ ರಾಶಿ ನೋಡಿ ಗುಸುಗುಸು ಆರಂಭಿಸಿದರು. ಅವರಲ್ಲಿ ತಟ್ಟೆ ಹೊತ್ತುಕೊಂಡು ಬಂದವರು ಗಿರಿಜಕ್ಕ. ನಲವತ್ತೈದರ ಆಸುಪಾಸು, ತುಳು ಮನೆಮಾತು, ಬೋರ್ಮದ ಕೆಲಸ ಅವರದೇ.

"ಮಾಸ್ಟ್ರೇ, ಇದರಲ್ಲೆಲ್ಲ ಆ ಊರಿನದ್ದೇ ಬರೆದದ್ದಾ?" ಎಂದು ಚೀಲದ ಕಡೆ ಗದ್ದ ಎತ್ತಿ ತೋರಿಸಿ ಕೇಳಿದರು.

"ಹೌದು. ಆ ಊರಿನದ್ದೇ."

"ಅಲ್ಲಿನವರು ಗೋಡಂಬಿ ತಿನ್ನುದಿಲ್ವಾ? ಎಲ್ಲ ಇಲ್ಲಿಗೆ ಕಳಿಸ್ತಾರಲ್ಲ."

"ನೀನು ತಿಂತೀಯಾ?"

"ನಮಗೆಲ್ಲಿ! ಒಂದು ಬಾಯಿಗೆ ಹಾಕಿದ್ರೆ ಮೇಸ್ತ್ರಿ ಸುಧಾಕರಣ್ಣ ಬಾಯಿ ತೆರೆಸಿ ಹಲ್ಲು ಎಣಿಸ್ತಾರೆ."

"ಹಾಗೇ ಅಲ್ಲಿನವರಿಗೂ," ಎಂದರು ಮಾಸ್ಟ್ರು. ಹೆಂಗಸರೆಲ್ಲ ನಕ್ಕರು. ಒಲೆಯ ಬಳಿ ನಿಂತಿದ್ದ ಮೇಸ್ತ್ರಿ ಸುಧಾಕರಣ್ಣ ಕೂಡ ನಕ್ಕರು.

ಹನ್ನೊಂದು ದಿನ ಆ ಕೆಲಸ ನಡೆಯಿತು. ಬೆಳಿಗ್ಗೆ ಪುಸ್ತಕ, ಮಧ್ಯಾಹ್ನದ ಮೇಲೆ ಬೀಜ. ಪುಸ್ತಕಕ್ಕೆ ಬೆಂಕಿ ಬಹಳ ಕಡಿಮೆ, ಒಳಗೆ ಹೋಗಿ ಹಾಳೆ ತಿರುಗಿಸಿ ಬರುವಷ್ಟು ಮಾತ್ರ. ಇದನ್ನು ನಾನು ಮಾಡಬೇಕಿತ್ತು. ಒಮ್ಮೆ ಒಳಗೆ ಹೋಗಿ ಉಸಿರು ಕಟ್ಟಿದಂತಾಗಿ ಹೊರಗೆ ಬಂದೆ. "ನಿಮಗೆ ಆಗ್ಲಿಕ್ಕಿಲ್ಲ ಟೀಚರ್, ನೀವು ಹೊರಗೆ ಕೂತು ಬರೀರಿ," ಎಂದು ಗಿರಿಜಕ್ಕ ಅದನ್ನು ತಾವೇ ವಹಿಸಿಕೊಂಡರು. ನಾನು ಟೀಚರ್ ಆಗಿರಲಿಲ್ಲ. ಕೈಯಲ್ಲಿ ಪೆನ್ನಿದ್ದವರೆಲ್ಲ ಅವರಿಗೆ ಟೀಚರ್. ಏಳನೇ ಕ್ಲಾಸಿನವರೆಗೆ ಓದಿದ್ದರು. ಪುಸ್ತಕ ಒಣಗಿತೋ ಇಲ್ಲವೋ ಎಂದು ತಿಳಿಯಲು ಹಾಳೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. "ಇದು ಇನ್ನೂ ತಣ್ಣಗೆ ಉಂಟು, ಅರ್ಧ ಗಂಟೆ ಬೇಕು." ಒಮ್ಮೆಯೂ ತಪ್ಪಲಿಲ್ಲ. ನಾನು ಟಿಶ್ಯೂ ಕಾಗದ ಇಟ್ಟು ಪರೀಕ್ಷಿಸಿ, ಅವರು ಹೇಳಿದ್ದನ್ನೇ ಪಟ್ಟಿಯಲ್ಲಿ ಬರೆಯುತ್ತಿದ್ದೆ.

ಆ ಫ್ಯಾಕ್ಟರಿಯಲ್ಲಿ ಒಂದು ಕ್ರಮವಿತ್ತು. ಬೋರ್ಮದ ಬಾಗಿಲು ತೆರೆದಿದ್ದರೆ ಹಾದುಹೋಗುವ ಯಾರೇ ಆದರೂ ಅದನ್ನು ದೂಡಿ ಚಿಲಕ ಹಾಕಬೇಕು. ಕಾವು ಹೊರಗೆ ಹೋಗಬಾರದು. ಚಿಲಕ ಹೊರಗಿನಿಂದ ಮಾತ್ರ. ಒಳಗೆ ಯಾರಾದರೂ ಹೋಗುವಾಗ ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಚಿಲಕದ ಬಳೆಗೆ ಹಾಕಿ ಹೋಗುತ್ತಾರೆ. ಬೈರಾಸು ಇದ್ದರೆ ಒಳಗೆ ಜನ ಉಂಟು, ಮುಟ್ಟಬಾರದು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಅಲ್ಲಿನ ಪ್ರತಿಯೊಬ್ಬರಿಗೂ ಗೊತ್ತಿತ್ತು, ಹಾಗಾಗಿ ಯಾರೂ ನನಗೆ ಹೇಳಲಿಲ್ಲ. ಆ ನೀಲಿ ಅಂಚಿನ ಬೈರಾಸು ಚಿಲಕಕ್ಕೆ ನೇತಾಡುವುದನ್ನು ನಾನು ಹತ್ತು ದಿನ ನೋಡಿದ್ದೆ. ಬೆವರಿನ ಬಟ್ಟೆಯನ್ನು ಬಿಸಿ ಬಾಗಿಲಿಗೆ ಒಣಗಲು ಹಾಕುತ್ತಾರೆ ಎಂದುಕೊಂಡಿದ್ದೆ. ಚರಿತ್ರೆ ಓದಿದವಳು, ಕಂಡದ್ದಕ್ಕೆ ಅರ್ಥವನ್ನು ನಾನೇ ಕೊಟ್ಟುಕೊಂಡೆ. ಕೇಳಲಿಲ್ಲ.

ಹನ್ನೊಂದನೇ ದಿನ ಕೊನೆಯ ಕಂತು. ಹನ್ನೆರಡು ಗಂಟೆ ಹತ್ತಿರ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವ ಸದ್ದು, ಒಳಗೆ ಬೀಜ ಒಡೆಯುವ ಯಂತ್ರಗಳ ಸದ್ದು. ಹೆಚ್ಚಿನ ಪುಸ್ತಕಗಳನ್ನು ಗಿರಿಜಕ್ಕ ಹೊರಗೆ ತಂದು ನನ್ನ ಮೇಜಿನ ಮೇಲೆ ಪೇರಿಸಿದ್ದರು. ಹಿಂದಿನ ಮೂಲೆಯಲ್ಲಿ ನಾಲ್ಕೈದು ಉಳಿದಿದೆ, ನೋಡಿ ಬರುತ್ತೇನೆ ಎಂದು ಮತ್ತೆ ಒಳಗೆ ಹೋದರು. ಬಾಗಿಲನ್ನು ಅರ್ಧ ಸರಿಸಿ ಬಿಟ್ಟಿದ್ದರು. ಆಗ ಮಾಡಿನ ಒಂದು ತೂತಿನಿಂದ ನೀರು ತಟತಟನೆ ಬಿತ್ತು. ಸರಿಯಾಗಿ ಬಂದರುಗಳ ಚರಿತ್ರೆಯ ಆ ದಪ್ಪ ಸಂಪುಟದ ಮೇಲೆ. ಎಷ್ಟು ಕಷ್ಟಪಟ್ಟು ಒಣಗಿಸಿದ ಸಂಪುಟ, ನನ್ನ ಪಿ.ಎಚ್‌ಡಿ.ಯ ಅರ್ಧ ಅದರಲ್ಲೇ ಇತ್ತು. ಒರೆಸಲು ಸುತ್ತ ನೋಡಿದೆ. ಎರಡು ಹೆಜ್ಜೆ ದೂರದಲ್ಲಿ ಒಣಗಿದ, ಶುಭ್ರವಾದ ಬೈರಾಸು. ಎಳೆದುಕೊಂಡೆ. ಪುಸ್ತಕವನ್ನು ಒರೆಸಿದೆ, ಮತ್ತೆ ಹನಿ ಬೀಳದ ಹಾಗೆ ಅದರಲ್ಲೇ ಸುತ್ತಿ ತೊಡೆಯ ಮೇಲಿಟ್ಟುಕೊಂಡೆ. ಮತ್ತೆ ಬರೆಯಲು ತೊಡಗಿದೆ.

ಸುಧಾಕರಣ್ಣ ಹಾದುಹೋದರು. ಬಾಗಿಲು ನೋಡಿದರು, ಚಿಲಕ ನೋಡಿದರು, ನನ್ನ ಮೇಜಿನ ಮೇಲಿನ ಪುಸ್ತಕದ ರಾಶಿ ನೋಡಿದರು. "ಎಲ್ಲ ಹೊರಗೆ ಬಂತಲ್ಲ ಟೀಚರ್?" ಎಂದು ಕೇಳಿದರು. ನಾನು ತಲೆ ಎತ್ತದೆ "ಹ್ಞೂಂ" ಎಂದೆ. ಬಾಗಿಲು ದೂಡಿ ಚಿಲಕ ಹಾಕಿದ ಸದ್ದು ಕೇಳಿತು. ಆಮೇಲೆ ಸಲಿಕೆಯ ಸದ್ದು. ಮಧ್ಯಾಹ್ನದ ಬೀಜಕ್ಕೆ ಕಾವು ಏರಬೇಕಲ್ಲ, ಒಲೆಗೆ ಸಿಪ್ಪೆ ತುಂಬಿಸುತ್ತಿದ್ದರು.

ಹದಿನೈದು ನಿಮಿಷವಿರಬಹುದು. ಆ ಹದಿನೈದು ನಿಮಿಷ ನಾನು ಎಂತ ಬರೆದೆ ಎಂಬುದು ನನಗೆ ಗೊತ್ತಿದೆ, ಆ ಪಟ್ಟಿ ಈಗಲೂ ಇದೆ. ಆರು ಪುಸ್ತಕ, ಅಕ್ಷರ ದುಂಡಾಗಿದೆ, ಒಂದು ಕಡೆಯೂ ಹೊಡೆದು ಹಾಕಿಲ್ಲ. ನಡುವೆ ಕಬ್ಬಿಣಕ್ಕೆ ಬಡಿದ ಸದ್ದು ಕೇಳಿದ್ದೆ. ಕೇಳಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕೇಳಿದ್ದೆ. ಮೊದಲು ಜೋರಾಗಿ, ಬಿಡದೆ. ಆಮೇಲೆ ಒಂದೊಂದು. ಯಂತ್ರದ್ದಿರಬೇಕು ಎಂದುಕೊಂಡೆ. ಸದ್ದು ನಿಂತಾಗ ಹಾಯೆನಿಸಿತ್ತು.

ಕೊನೆಗೆ ನಾಲ್ಕೈದು ಸಂಪುಟ ಕಡಿಮೆ ಬಂದಾಗ ಕೇಳಿದೆ. "ಸುಧಾಕರಣ್ಣ, ಗಿರಿಜಕ್ಕ ಎಲ್ಲಿ?"

"ಊಟಕ್ಕೆ ಹೋಗಿರ್ಬೇಕು."

"ಒಳಗೆ ಇದ್ರಲ್ಲ."

"ಒಳಗೆ ಎಲ್ಲಿ? ಬೈರಾಸು ಇರ್ಲಿಲ್ಲ ಅಲ್ವಾ?"

ಅವರು ಹೇಳಿ ಮುಗಿಸುವ ಮೊದಲೇ ನನ್ನ ಕೈ ತೊಡೆಯ ಮೇಲಿನ ಬಟ್ಟೆಯ ಮೇಲಿತ್ತು. ಅರ್ಥವಾದದ್ದು ಆಗ. ಬಾಗಿಲನ್ನು ತೋರಿಸಿದೆ. ಅವರು ಓಡಿ ಚಿಲಕ ತೆಗೆದರು. ಹೊಗೆ ಮತ್ತು ಬಿಸಿ ಒಟ್ಟಿಗೆ ಮುಖಕ್ಕೆ ಬಡಿದವು. ಒಳಗಿನ ಕೊಳವೆ ಎಲ್ಲೋ ಒಡೆದಿತ್ತಂತೆ, ಹೊಗೆ ಅಲ್ಲಿಂದ ತುಂಬಿತ್ತು. ಗಿರಿಜಕ್ಕ ಬಾಗಿಲಿಗೆ ಒರಗಿ ಬಿದ್ದಿದ್ದರು, ತೆರೆದ ಕೂಡಲೇ ಹೊರಗೆ ಉರುಳಿದರು. ಎರಡೂ ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿ ಉಳಿದಿತ್ತು.

ಹೆಂಗಸರು ಕೂಗಿಕೊಂಡು ಬಂದರು. ಯಾರೋ ನೀರು ತಂದರು, ಯಾರೋ ವಾಲ್ಟರನ ಕಾರು ತರಿಸಿದರು. ಆ ಗಲಾಟೆಯಲ್ಲಿ ನಾನು ಮಾಡಿದ ಒಂದೇ ಕೆಲಸವೆಂದರೆ, ಬೈರಾಸು ಸುತ್ತಿದ ಆ ಸಂಪುಟವನ್ನು, ಒಣಗಿದ ಪುಸ್ತಕ ತುಂಬಿಸಲು ತಂದಿದ್ದ ಟ್ರಂಕಿನ ತಳಕ್ಕೆ ಹಾಕಿ ಮೇಲೆ ಬೇರೆ ಪುಸ್ತಕ ಪೇರಿಸಿದ್ದು. ಯೋಚಿಸಿ ಮಾಡಿದ್ದಲ್ಲ ಎಂದು ಹೇಳಬಹುದು. ಆದರೆ ಮೇಲೆ ಪೇರಿಸುವಾಗ ಸಣ್ಣ ಪುಸ್ತಕ ಇಡಲಿಲ್ಲ, ದೊಡ್ಡದನ್ನು ಹುಡುಕಿ ಇಟ್ಟೆ.

ಮಣಿಪಾಲದ ಆಸ್ಪತ್ರೆಯಲ್ಲಿ ಗಿರಿಜಕ್ಕ ಬದುಕಿಕೊಂಡರು. ಏಳನೇ ದಿನ ಮಾತಾಡುವ ಹಾಗಾಯಿತು. ಅಷ್ಟರಲ್ಲಿ ಕಾರ್ಮಿಕ ಇಲಾಖೆಯವರು ಫ್ಯಾಕ್ಟರಿಗೆ ಬಂದು ಹೋಗಿದ್ದರು. ಏನಾಯಿತೆಂದು ಗಾಯಗೊಂಡವರ ಹೇಳಿಕೆ ಬರಹದಲ್ಲಿ ಬೇಕಿತ್ತು. ವಾಲ್ಟರ್ ವಾರ್ಡಿನ ಹೊರಗೆ ನನ್ನನ್ನು ನಿಲ್ಲಿಸಿ ಹೇಳಿದ:

"ಅವಳು ಬೈರಾಸು ಹಾಕ್ಲಿಕ್ಕೆ ಮರೆತದ್ದು. ಅದು ಎಲ್ಲರಿಗೂ ಗೊತ್ತುಂಟು. ಅಷ್ಟು ಬರೆದ್ರೆ ಸಾಕು. ಇಲ್ಲದಿದ್ರೆ ಸುಧಾಕರಣ್ಣನ ಮೇಲೆ ಬರ್ತದೆ, ಫ್ಯಾಕ್ಟರಿಗೆ ಬೀಗ ಹಾಕ್ತಾರೆ. ಇಷ್ಟು ಹೆಂಗಸರು ಎಲ್ಲಿಗೆ ಹೋಗ್ಬೇಕು? ನಿಮ್ಮ ಕನ್ನಡ ಒಳ್ಳೆಯದುಂಟು, ನೀವೇ ಬರೀರಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೆಂದೇ ಗೊತ್ತಿದ್ದದ್ದು. ಲಿಗೋರಿ ಮಾಸ್ಟ್ರು ಬೆಂಚಿನ ಮೇಲೆ ಕುಳಿತಿದ್ದರು. ಆ ಏಳು ದಿನದಲ್ಲಿ ಹತ್ತು ವರ್ಷ ಹೆಚ್ಚು ಆದವರಂತೆ ಕಾಣುತ್ತಿದ್ದರು. "ಅವಳನ್ನು ಕೇಳಿ ಬರೆ," ಎಂದಷ್ಟೇ ಹೇಳಿದರು.

ಕೇಳಿದೆ. ಗಿರಿಜಕ್ಕನ ಎರಡೂ ಕೈ ಬೆರಳ ತುದಿಯವರೆಗೆ ಬ್ಯಾಂಡೇಜಿನಲ್ಲಿತ್ತು. ಹೊಗೆಯಿಂದ ಗಂಟಲು ಹೋಗಿತ್ತು, ಉಸಿರಿನಲ್ಲೇ ಮಾತು. ಬಾಗಿ ಕಿವಿಗೊಟ್ಟೆ. "ಯಾನ್ ಪಾಡ್ದಿತ್ತೆ," ಎಂದರು. ಅಂದರೆ, 'ನಾನು ಹಾಕಿದ್ದೆ'. ಮತ್ತೊಮ್ಮೆ ಹೇಳಿದರು. ಮೂರನೇ ಸಲ ಹೇಳಲಿಲ್ಲ, ನನ್ನ ಮುಖವನ್ನೇ ನೋಡಿದರು.

ಅವರು ಹೇಳಿದ್ದು ತುಳುವಿನಲ್ಲಿ, ಇಲಾಖೆಗೆ ಬೇಕಾದದ್ದು ಕನ್ನಡದಲ್ಲಿ. 'ನಾನು ಒಳಗೆ ಹೋಗುವಾಗ ವಾಡಿಕೆಯಂತೆ ಬೈರಾಸನ್ನು ಚಿಲಕಕ್ಕೆ ಹಾಕಲು ಮರೆತಿರುತ್ತೇನೆ' ಎಂದು ಬರೆದೆ. ಆ 'ವಾಡಿಕೆಯಂತೆ' ಎಂಬ ಮಾತು ಸರಿಯಾದ ಜಾಗದಲ್ಲಿ ಕೂತಿದೆಯೋ ಎಂದು ಒಮ್ಮೆ ಓದಿ ಕೂಡ ನೋಡಿದೆ. ಸಹಿ ಮಾಡಲು ಅವರಿಗೆ ಕೈ ಇರಲಿಲ್ಲ. ಹೆಬ್ಬೆಟ್ಟು ಒತ್ತಲೂ ಆಗದು. ಅವರ ಮಗಳು ತಾಯಿಯ ಪರವಾಗಿ ಸಹಿ ಹಾಕಿದಳು, ಓದದೆ. ನಾನು ಬರೆದದ್ದಲ್ಲವೇ ಎಂದು.

ಮಾಸ್ಟ್ರು ಕಾಗದವನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಅವಳೇ ಹೇಳಿದ್ದಾ?"

"ಹೌದು ಸರ್."

"ಸುಧಾಕರ ಹೇಳಿದ, ಆಮೇಲೆ ಹುಡುಕಿದಾಗ ಅವಳ ಬೈರಾಸು ಎಲ್ಲಿಯೂ ಸಿಗ್ಲಿಲ್ಲವಂತೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಅವರು ಕೇಳಲಿಲ್ಲ. ಸಾವಿರ ಪುಸ್ತಕದಲ್ಲಿ ಹೇಳಿದವನನ್ನು ಹುಡುಕಿದ ಮನುಷ್ಯ, ತಮ್ಮನ ಮಗನ ಫ್ಯಾಕ್ಟರಿಯ ಈ ಒಂದು ಹಾಳೆಯನ್ನು ಮಡಚಿ ಕವರಿನೊಳಗೆ ಹಾಕಿದರು. ನನ್ನ ಮಾತನ್ನು ನಂಬಿದರೋ, ನಂಬುವುದೇ ಸುಲಭವೆನಿಸಿತೋ ತಿಳಿಯದು. ಎರಡು ವರ್ಷದ ಮೇಲೆ ತೀರಿಕೊಂಡರು. ಪುಸ್ತಕಗಳು ಅಷ್ಟರಲ್ಲಿ ತುಂಬಿಸಿದ್ದ ಟ್ರಂಕುಗಳಲ್ಲೇ ಕಾಲೇಜಿಗೆ ಬಂದಿದ್ದವು. ಫೋಟೋ ತೆಗೆದರು, ಕಪಾಟಿನ ಮೇಲೆ ಮಾಸ್ಟ್ರ ಹೆಸರಿನ ಫಲಕ ಹೊಡೆದರು. ಅವರು ಕೊಟ್ಟ ಶಿಫಾರಸು ಪತ್ರದಲ್ಲಿ ನಾನು ಆಕರಗಳ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕಳು ಎಂದಿತ್ತು. ಅದೇ ಕಾಲೇಜಿನಲ್ಲಿ ನನಗೆ ಕೆಲಸವೂ ಸಿಕ್ಕಿತು. ದಿನಾ ಆ ಕಪಾಟಿನ ಮುಂದೆ ಹಾದುಹೋಗಿದ್ದೇನೆ. ಬಂದರುಗಳ ಸಂಪುಟವಿಲ್ಲದೆಯೇ ಪಿ.ಎಚ್‌ಡಿ. ಮುಗಿಸಿದೆ. ಆ ಗ್ರಂಥ ಲಭ್ಯವಾಗಲಿಲ್ಲ ಎಂದು ಅಡಿಟಿಪ್ಪಣಿ ಹಾಕಿದ್ದೇನೆ.

ಬೈರಾಸು ಸಿಕ್ಕಿದ ಮರುದಿನ ಕಾರ್ಕಳಕ್ಕೆ ಹೋದೆ. ಗಿರಿಜಕ್ಕ ಈಗ ಮಗಳ ಮನೆಯಲ್ಲಿದ್ದಾರೆ. ಕೆಲಸ ಅಂದೇ ಹೋಗಿತ್ತು. ತನ್ನ ತಪ್ಪಿನಿಂದ ತಾನೇ ಸುಟ್ಟುಕೊಂಡವಳೆಂದು ಕಾಗದದಲ್ಲಿತ್ತಲ್ಲ, ಪರಿಹಾರವೂ ಇರಲಿಲ್ಲ. ಮಡಚಿದ ಬೆರಳುಗಳು ನೆಟ್ಟಗಾಗುವುದಿಲ್ಲ. ಅಂಗೈ ಹೊಳೆಯುತ್ತದೆ, ಒಂದು ಗೆರೆಯೂ ಇಲ್ಲ. ಜಗಲಿಯಲ್ಲಿ ಕುಳಿತು ಮೊಮ್ಮಗುವಿನ ತೊಟ್ಟಿಲನ್ನು ಕಾಲಿನಿಂದ ತೂಗುತ್ತಿದ್ದರು.

"ಓ, ಟೀಚರ್," ಎಂದರು. "ದಪ್ಪ ಆಗಿದ್ದೀರಿ. ಕೂತ್ಕೊಳ್ಳಿ. ಆ ಪುಸ್ತಕ ಎಲ್ಲ ಎಂತ ಆಯ್ತು? ಓದ್ತಾರಾ?"

"ಇಲ್ಲ," ಎಂದೆ. "ಹೆಚ್ಚು ಯಾರೂ ಓದುವುದಿಲ್ಲ."

"ಅಷ್ಟು ಒಣಗಿಸಿದ್ದು."

ಚೀಲದಿಂದ ಬೈರಾಸು ತೆಗೆದು ಅವರ ಮಡಿಲಿನಲ್ಲಿಟ್ಟೆ. ಗುರುತು ಹಿಡಿಯಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಮುಷ್ಟಿಯಂಥ ಕೈಯಿಂದ ಅದನ್ನು ಒತ್ತಿ ಹರಡಿದರು. ಬಗ್ಗಿ ಕೆನ್ನೆಗೆ ಹಿಡಿದು ನೋಡಿದರು. ಬಟ್ಟೆಯ ಮೇಲಿನ ನಂಬರಿನ ಚೀಟಿ ಕೆನ್ನೆಗೆ ತಾಗಿತು. "ಇದು ಎಂತ?" ಎಂದು ಕೇಳಿದರು. ಹೇಳಿದೆ. ಅದಕ್ಕೆ ಅವರು ನಕ್ಕರು, ಅಂದು ಫ್ಯಾಕ್ಟರಿಯಲ್ಲಿ ನಕ್ಕಂತೆಯೇ.

ಆಮೇಲೆ ನಾನು ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನು ಹೇಳತೊಡಗಿದೆ. ಮಳೆ, ಮಾಡಿನ ತೂತು, ಪುಸ್ತಕದ ಮೇಲೆ ಬಿದ್ದ ಹನಿ. ಅರ್ಧಕ್ಕೆ ಅವರು ತಡೆದರು.

"ಗೊತ್ತುಂಟು ಟೀಚರ್. ನಾನು ಒಳಗಿಂದ ಬಾಗಿಲ ಸಂದಿನಲ್ಲಿ ಕಂಡಿದ್ದೇನೆ. ವಾಚು ಕಟ್ಟಿದ ಕೈ ಬಂದು ತೆಗೆದದ್ದು. ಅಲ್ಲಿ ನಮಗೆ ಬಳೆ ಹಾಕ್ಲಿಕ್ಕಿಲ್ಲ, ವಾಚು ಕಟ್ಲಿಕ್ಕಿಲ್ಲ. ನೀವು ಮಾತ್ರ ಕಟ್ತಿದ್ದದ್ದು. ಒರೆಸಿ ವಾಪಸು ಹಾಕ್ತೀರಿ ಅಂತ ನಾನು ಸುಮ್ಮನಾದೆ."

ಮಗು ಕುಂಯ್‌ಗುಟ್ಟಿತು. ಅವರು ಕಾಲಿನಿಂದ ತೊಟ್ಟಿಲನ್ನು ಎರಡು ಸಲ ತೂಗಿದರು.

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ, ಗಿರಿಜಕ್ಕ?"

"ಹೇಳಿದೆ ಅಲ್ವಾ," ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ನನಗೇ ನೆನಪಿಲ್ಲವೇ ಎಂಬ ಆಶ್ಚರ್ಯವಿತ್ತು. "ಆಸ್ಪತ್ರೆಯಲ್ಲಿ, ಎರಡು ಸಲ. ಬರೀಲಿಕ್ಕೆ ಬಂದವರು ನೀವೇ ಅಲ್ವಾ?"

ಅವರು ಬೈರಾಸನ್ನು ಮಡಿಲಿನಿಂದ ಪಕ್ಕಕ್ಕೆ ಸರಿಸಿ, ನನ್ನ ಚೀಲದ ಕಡೆ ನೋಡಿದರು.

"ಈಗ ಕಾಗದ ತಂದಿದ್ದೀರಾ?"

ಒಂದು ಪ್ಯಾಕೆಟ್ ಬ್ರೆಡ್ಡು, ಆರು ಕಿತ್ತಳೆ ತಂದಿದ್ದೆ. ಕಾಗದ ತಂದಿರಲಿಲ್ಲ.